ಬ್ಯಾಟರಿ ಕೂತಿತೆಂದು ಬಿಸಾಕುವ ಮುನ್ನ

ಹೊತ್ತು ಮುಳುಗಿದ ಮೇಲೆ ಹುಬ್ಬಳ್ಳಿಯ ದುರ್ಗದಬೈಲಿಗೆ ಹೋದವರ ಕಣ್ಣು ಮೊದಲು ಬೀಳುವುದು ಮಿರ್ಚಿ ಕರಿಯುವ ಬಾಣಲೆಯ ಮೇಲೆ, ಗಿರ್ಮಿಟ್ ಕಲಸುವ ಕೈಯ ಮೇಲೆ. ಅದನ್ನೆಲ್ಲ ಕಾಣಿಸುವ ದೀಪವನ್ನು ಯಾರೂ ನೋಡುವುದಿಲ್ಲ. ಹಿಂದೆ ಇಂಥ ಕೈಗಾಡಿಗಳ ಮೇಲೆ ಪೆಟ್ರೋಮ್ಯಾಕ್ಸ್ ಭುಸುಗುಡುತ್ತಿತ್ತು. ಆಮೇಲೆ ಅದರ ಜಾಗಕ್ಕೆ ಬ್ಯಾಟರಿ ಬಂತು. ಗಾಡಿಯವರಿಗೆ ದೀಪವೆಂದರೆ ಆ ರಾತ್ರಿಯ ವ್ಯಾಪಾರ; ಬ್ಯಾಟರಿ ಕೈಕೊಟ್ಟರೆ ಗಿರಾಕಿ ಪಕ್ಕದ ಗಾಡಿಗೆ ಹೋಗುತ್ತಾನೆ.

ಬಡವರ ಮನೆಗೆ ಸೋಲಾರ್ ದೀಪ ಮುಟ್ಟಿಸಲು 1995ರಲ್ಲಿ ಸೆಲ್ಕೊ ಸಂಸ್ಥೆ ಕಟ್ಟಿದ, 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಹರೀಶ್ ಹಂದೆ ಬೀದಿ ವ್ಯಾಪಾರಿಗಳಿಂದ ಕಲಿತ ಪಾಠವೊಂದನ್ನು ಅನೇಕ ಕಡೆ ಹೇಳಿದ್ದಾರೆ: ತಿಂಗಳಿಗೆ 300 ರೂಪಾಯಿ ಅವರಿಗೆ ಭಾರ, ದಿನಕ್ಕೆ 10 ರೂಪಾಯಿ ಭಾರವಲ್ಲ. ಧಾರವಾಡದಲ್ಲಿ ಕೇಂದ್ರ ಕಚೇರಿಯಿದ್ದ ಮಲಪ್ರಭಾ ಗ್ರಾಮೀಣ ಬ್ಯಾಂಕು ಆ ಆರಂಭದ ದಿನಗಳಲ್ಲೇ ಸೋಲಾರ್‌ಗೆ ಸಾಲ ಕೊಡಲು ಮುಂದಾಯಿತು. ಕಂಬ ಹೋಗದ ಎಷ್ಟೋ ಮನೆಗಳಲ್ಲಿ ದೀಪ ಹತ್ತಿದ್ದು ಹೀಗೆ. ಸಾಲ ತೀರಿದ ಮೇಲೂ ಪ್ಯಾನೆಲ್ ಇಪ್ಪತ್ತು ವರ್ಷ ದುಡಿಯುತ್ತದೆ. ಮೊದಲು ಸೋಲುವುದು ಮೂಲೆಯಲ್ಲಿ ಕೂತ ಬ್ಯಾಟರಿ. ಅದನ್ನು ಸೋಲಗೊಡದೆ ಬಾಳಿಸುವುದೇ ಒಂದು ಕಸುಬು, ಮತ್ತು ಅದನ್ನು ಮನೆಯವರೂ ಕಲಿಯಬಹುದು.

ಸೀಸ ಮತ್ತು ಆ್ಯಸಿಡ್‌ನ ಈ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಮಾಡಿ ತೋರಿಸಿದ್ದು 1859ರಲ್ಲಿ. ಒಳಗಿನ ಕೆಲಸ ಇಂದಿಗೂ ಬದಲಾಗಿಲ್ಲ. 12 ವೋಲ್ಟಿನ ಪೆಟ್ಟಿಗೆಯಲ್ಲಿ ಆರು ಸೆಲ್‌ಗಳು, ಒಂದೊಂದೂ 2 ವೋಲ್ಟಿಗೆ ಕೊಂಚ ಮೇಲೆ. ದೀಪ ಉರಿಯುವಾಗ ಆ್ಯಸಿಡ್‌ನ ಸತ್ವ ದ್ರವದಿಂದ ಹೊರಟು ಸೀಸದ ಪ್ಲೇಟಿಗೆ ಸೇರಿ ಸಲ್ಫೇಟ್ ಆಗುತ್ತದೆ. ಉಳಿಯುವುದು ತೆಳು ದ್ರವ. ಚಾರ್ಜ್ ಮಾಡಿದಾಗ ಪ್ಲೇಟು ಅದನ್ನು ಬಿಟ್ಟುಕೊಟ್ಟು ದ್ರವ ಮತ್ತೆ ಗಟ್ಟಿಯಾಗುತ್ತದೆ. ಇಷ್ಟು ತಿಳಿದರೆ ಆರೈಕೆಯ ಮುಕ್ಕಾಲು ಪಾಲು ತಿಳಿದಂತೆ.

ಬ್ಯಾಟರಿ ಮಿಸ್ತ್ರಿಯ ಕೈಯಲ್ಲಿರುವ ಹೈಡ್ರೋಮೀಟರ್ ಅಳೆಯುವುದು ದ್ರವದ ಈ ಗಟ್ಟಿತನವನ್ನೇ, ಅಂದರೆ ಸಾಂದ್ರತೆಯನ್ನು. ಗಾಜಿನ ಕೊಳವೆ, ತುದಿಯಲ್ಲಿ ರಬ್ಬರ್ ನಳಿಕೆ, ತಲೆಗೆ ಒತ್ತುವ ರಬ್ಬರ್ ಬುರುಡೆ. ಸೆಲ್‌ನ ಮುಚ್ಚಳ ತೆಗೆದು, ಬುರುಡೆ ಒತ್ತಿ ಬಿಟ್ಟರೆ ದ್ರವ ಮೇಲೇರುತ್ತದೆ. ಒಳಗಿನ ಬುಂಡೆ ಕೊಳವೆಯ ಗೋಡೆಗೆ ತಾಗದೆ ತೇಲಬೇಕು. ಕೊಳವೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಅಂಕಿ ಓದಬೇಕು. ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿ ತುಂಬಿದ್ದರೆ ಸುಮಾರು 1.240, 1.180ಕ್ಕೆ ಇಳಿದರೆ ಅರ್ಧ ಖಾಲಿ. ಬುಂಡೆಯ ಮೇಲಿನ ಕೆಂಪು, ಹಸಿರು ಪಟ್ಟಿಗಳನ್ನು ನಂಬಿ ಸುಮ್ಮನಾಗಬೇಡಿ, ಆರೂ ಸೆಲ್‌ಗಳ ಅಂಕಿಗಳನ್ನು ಬರೆದಿಡಿ. ಐದು 1.235ರ ಆಸುಪಾಸಿನಲ್ಲಿದ್ದು ಒಂದು ಮಾತ್ರ 1.190 ತೋರಿಸಿದರೆ ರೋಗ ಅಲ್ಲಿದೆ. ವೋಲ್ಟ್ ಮೀಟರ್ ಇಡೀ ಪೆಟ್ಟಿಗೆಯ ಲೆಕ್ಕ ಹೇಳುತ್ತದೆ, ಒಳಗೆ ಯಾವ ಸೆಲ್ ಹಿಂದೆ ಬಿದ್ದಿದೆ ಎಂದು ಹೇಳುವುದಿಲ್ಲ.

ಅಂಕಿ ಕಡಿಮೆ ಬಂತೆಂದು ಆ್ಯಸಿಡ್ ಸುರಿಯುವವರಿದ್ದಾರೆ. ಇದರಷ್ಟು ಹಾನಿ ಮಾಡುವ ಕೆಲಸ ಇನ್ನೊಂದಿಲ್ಲ. ಆ್ಯಸಿಡ್ ಆವಿಯಾಗಿ ಹೋಗುವುದಿಲ್ಲ, ಪ್ಲೇಟಿನೊಳಗೆ ಕೂತಿರುತ್ತದೆ. ಮೇಲಿಂದ ಸುರಿದರೆ ಹೈಡ್ರೋಮೀಟರ್ ಖುಷಿಯ ಅಂಕಿ ತೋರಿಸೀತು. ಬ್ಯಾಕಪ್ ಹೆಚ್ಚುವುದಿಲ್ಲ, ಪ್ಲೇಟು ಬೇಗ ಸವೆಯುತ್ತದೆ. ಕಡಿಮೆಯಾಗುವುದು ನೀರು ಮಾತ್ರ, ಹಾಕಬೇಕಾದ್ದೂ ನೀರನ್ನೇ. ಅದೂ ಡಿಸ್ಟಿಲ್ಡ್ ವಾಟರ್. ಬೋರ್‌ವೆಲ್ ನೀರಿನ ಲವಣ, ಕಬ್ಬಿಣ ಬ್ಯಾಟರಿಗೆ ವಿಷ. ಫಿಲ್ಟರಿನ ನೀರಿನಲ್ಲೂ ಲವಣ ಉಳಿದಿರುತ್ತದೆ. ಎಸಿಯಿಂದ ತೊಟ್ಟಿಕ್ಕುವ ನೀರು ತಾಮ್ರ, ಅಲ್ಯುಮಿನಿಯಂ ಸವರಿಕೊಂಡು ಬಂದದ್ದು, ಅದೂ ಬೇಡ. ಪ್ಲೇಟು ಬರಿದಾಗಿ ಕಾಣುತ್ತಿದ್ದರೆ ಅದು ಮುಳುಗುವಷ್ಟು ನೀರನ್ನು ಚಾರ್ಜ್‌ಗೆ ಮೊದಲೇ ಹಾಕಿ. ಇಲ್ಲವಾದರೆ ಪೂರ್ತಿ ಚಾರ್ಜ್ ಆದ ಮೇಲೆ ಗುರುತಿನವರೆಗೆ ತುಂಬಿ, ಏಕೆಂದರೆ ಮೊದಲೇ ತುಂಬಿದರೆ ಚಾರ್ಜ್ ಆಗುತ್ತ ಮಟ್ಟ ಏರಿ ಹೊರಗೆ ಉಕ್ಕುತ್ತದೆ.

ಹೊರಗಿನವರು ಅಂದುಕೊಂಡಂತೆ ಬ್ಯಾಟರಿಗಳು ಹೆಚ್ಚಾಗಿ ಹಾಳಾಗುವುದು ಅತಿ ಬಳಕೆಯಿಂದಲ್ಲ. ಅರೆಹೊಟ್ಟೆಯಲ್ಲಿ ದಿನಗಟ್ಟಲೆ ಬಿಟ್ಟದ್ದರಿಂದ. ಪ್ಲೇಟಿನ ಮೇಲಿನ ಮೆತ್ತನೆಯ ಸಲ್ಫೇಟ್ ಹಾಗೇ ಉಳಿದರೆ ಹರಳುಗಟ್ಟಿ ಗಟ್ಟಿಯಾಗುತ್ತದೆ, ಆಮೇಲೆ ಚಾರ್ಜರ್‌ಗೆ ಜಗ್ಗುವುದಿಲ್ಲ. ಮಲೆನಾಡಿನ ಒಂಟಿಮನೆಗಳಲ್ಲಿ ಆಷಾಢ, ಶ್ರಾವಣಗಳೇ ಬ್ಯಾಟರಿಯ ಕೆಟ್ಟ ಕಾಲ: ವಾರಗಟ್ಟಲೆ ಬಿಸಿಲಿಲ್ಲ, ದೀಪ ಮಾತ್ರ ಉರಿಯಲೇಬೇಕು. ಆ ದಿನಗಳಲ್ಲಿ ಫ್ಯಾನು, ಟಿ.ವಿ. ಬಿಟ್ಟು ದೀಪಕ್ಕಷ್ಟೇ ಬಳಸುವುದು, ಜನರೇಟರ್ ಇದ್ದರೆ ವಾರಕ್ಕೊಮ್ಮೆ ಪೂರ್ತಿ ಚಾರ್ಜ್ ಕೊಡುವುದು ಜಾಣತನ. 150 ಆಂಪಿಯರ್ ಅವರ್‌ನ 12 ವೋಲ್ಟ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1,800 ವ್ಯಾಟ್ ಅವರ್ ಇರುತ್ತದೆ. ದಿನವೂ ಅದರ ಅರ್ಧಕ್ಕಿಂತ ಹೆಚ್ಚು ತೆಗೆಯದಿದ್ದರೆ ಹಳೆಯ ಬ್ಯಾಟರಿಯೂ ಬಾಳುತ್ತದೆ.

ಹಿಂದೆ ಬಿದ್ದ ಸೆಲ್‌ಗೆ ಮದ್ದು ಈಕ್ವಲೈಸಿಂಗ್ ಚಾರ್ಜ್: ತುಂಬಿದ ಬ್ಯಾಟರಿಗೆ 15 ವೋಲ್ಟಿನ ಆಸುಪಾಸಿನಲ್ಲಿ ಕೆಲವು ಗಂಟೆ ಸಣ್ಣ ಕರೆಂಟು ಕೊಟ್ಟು, ತಳಕ್ಕಿಳಿದ ಗಟ್ಟಿ ಆ್ಯಸಿಡ್ ಗುಳ್ಳೆಗಳಿಂದ ಕಲಕುವಂತೆ ಮಾಡುವುದು. ಇದು ನೀರು ಹಾಕುವ ಬ್ಯಾಟರಿಗೆ ಮಾತ್ರ. ಸೀಲ್ಡ್ ಬ್ಯಾಟರಿಗೆ ಮಾಡಿದರೆ ಅದು ಅಲ್ಲಿಗೆ ಮುಗಿಯಿತು. ಆ ಹೊತ್ತಿನಲ್ಲಿ ಹೈಡ್ರೋಜನ್ ಹೊರಬರುತ್ತದೆ, ಕಿಟಕಿ ತೆರೆದಿರಲಿ, ಬೀಡಿ, ಊದುಬತ್ತಿ ಹತ್ತಿರ ಸುಳಿಯದಿರಲಿ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸು ಬೇಕೇ ಬೇಕು. ಹೀಗೆ ಎರಡು ಸಲ ಮಾಡಿದರೂ ಆ ಸೆಲ್‌ನ ಅಂಕಿ ಏರದಿದ್ದರೆ ಬ್ಯಾಟರಿಗೆ ವಿದಾಯ ಹೇಳಿ. ಟಾನಿಕ್ ಪುಡಿಗಳಿಗೆ ದುಡ್ಡು ಸುರಿಯಬೇಡಿ. ಹಳೆಯದರ ಜೊತೆ ಹೊಸದೊಂದನ್ನು ಸೀರೀಸ್‌ನಲ್ಲಿ ಜೋಡಿಸುವುದೂ ಬೇಡ, ಹೊಸದೂ ಹಳೆಯದರ ಮಟ್ಟಕ್ಕೆ ಇಳಿಯುತ್ತದೆ.

ಟರ್ಮಿನಲ್‌ಗೆ ಹತ್ತಿದ ಹಸಿರು-ಬಿಳಿ ಪುಡಿಯನ್ನು ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು, ಒಣಗಿಸಿ, ವ್ಯಾಸ್ಲಿನ್ ಹಚ್ಚಿ. ಸೋಡಾ ನೀರು ಸೆಲ್‌ನೊಳಗೆ ಹೋಗದಂತೆ ಮುಚ್ಚಳ ಬಿಗಿಯಾಗಿರಲಿ. ಬ್ಯಾಟರಿಯನ್ನು ಬಿಸಿಲು ಬೀಳುವ ತಗಡಿನ ಕೆಳಗೆ ಇಡಬೇಡಿ. 25 ಡಿಗ್ರಿಗಿಂತ ಪ್ರತಿ 10 ಡಿಗ್ರಿ ಹೆಚ್ಚಿದಂತೆ ಅದರ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ. ಹುಬ್ಬಳ್ಳಿಯ ಏಪ್ರಿಲ್ ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ನಿಜಕ್ಕೂ ಸತ್ತ ಬ್ಯಾಟರಿಯನ್ನು ತೂಕಕ್ಕೆ ಕೊಳ್ಳುವವರು ಎಲ್ಲೆಲ್ಲೂ ಸಿಗುತ್ತಾರೆ. ಅದು ಯಾರ ಕೈ ಸೇರುತ್ತದೆ ಎಂಬುದು ಮುಖ್ಯ. ಬಯಲಲ್ಲಿ ಒಡೆದು ಸೀಸ ಕರಗಿಸಿದರೆ ಆ ಹೊಗೆ, ಧೂಳು ಮೊದಲು ಹಾಳುಮಾಡುವುದು ಸುತ್ತಲಿನ ಮಕ್ಕಳ ಮಿದುಳನ್ನು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ಮರುಬಳಕೆಗೆ ಹೋಗುವಂತೆ ನೋಡಿಕೊಳ್ಳುವ ಹೊಣೆ ತಯಾರಕರದು. ಆದ್ದರಿಂದ ಹೊಸದು ಕೊಳ್ಳುವ ಅಂಗಡಿಯಲ್ಲೇ ಹಳೆಯದನ್ನು ಕೊಡಿ, ಅದರ ಬೆಲೆಯನ್ನು ಬಿಲ್ಲಿನಲ್ಲಿ ಕಳೆಯಿಸಿಕೊಳ್ಳಿ. ಆದರೆ ಅಂಗಡಿಗೆ ಹೊರಡುವ ಮೊದಲು ಒಮ್ಮೆ ನೀರಿನ ಮಟ್ಟ ನೋಡಿ, ಪೂರ್ತಿ ಚಾರ್ಜ್ ಕೊಟ್ಟು, ಆರೂ ಸೆಲ್‌ಗಳ ಅಂಕಿ ಬರೆದುಕೊಂಡು ಹೋಗಿ.