ಕಣ್ಣಿಗೆ ಕುತ್ತಾಗುವ ಟ್ರಕೋಮಾ ಮತ್ತು ಅದರ ತಡೆ

ಮಕ್ಕಳ ಕಣ್ಣು ಕೆಂಪಾಗಿ ಗೀಜು ಕಟ್ಟಿದರೆ, ನಾಲ್ಕು ದಿನದಲ್ಲಿ ತಾನಾಗಿಯೇ ಹೋಗುತ್ತದೆಂದು ಸುಮ್ಮನಿರುವವರೇ ಹೆಚ್ಚು. ಆದರೆ ಈ ಕಣ್ಣುಬೇನೆ ಟ್ರಕೋಮಾ ಆಗಿದ್ದು ಪದೇ ಪದೇ ಮರುಕಳಿಸಿದರೆ, ಅದರ ಫಲವನ್ನು ನಡುವಯಸ್ಸಿನಲ್ಲಿ ಅನುಭವಿಸಬೇಕಾಗುತ್ತದೆ.

ರೋಗದ ಸ್ವರೂಪ

ಕ್ಲಮೈಡಿಯಾ ಟ್ರಕೋಮ್ಯಾಟಿಸ್ ಎಂಬ ಬ್ಯಾಕ್ಟೀರಿಯಾ ಈ ರೋಗಕ್ಕೆ ಕಾರಣ. ಕಣ್ಣಿನಲ್ಲಿ ನೀರು, ಗೀಜು, ತುರಿಕೆ ಕಾಣಿಸಿಕೊಳ್ಳುತ್ತವೆ. ಮೇಲಿನ ರೆಪ್ಪೆಯ ಒಳಭಾಗದಲ್ಲಿ ಸಣ್ಣ ಗುಳ್ಳೆಗಳು ಏಳುತ್ತವೆ. ಒಂದು ಸಲದ ಸೋಂಕಿನಿಂದ ಕಣ್ಣು ಹೋಗುವುದಿಲ್ಲ. ಸೋಂಕು ಮತ್ತೆ ಮತ್ತೆ ತಗುಲಿದಾಗ ರೆಪ್ಪೆಯ ಒಳಗೆ ಗಾಯದ ಕಲೆ ಬಿದ್ದು, ರೆಪ್ಪೆ ಒಳಕ್ಕೆ ಮಡಚಿಕೊಳ್ಳುತ್ತದೆ. ಆಗ ರೆಪ್ಪೆಗೂದಲು ಕರಿಗುಡ್ಡೆಯನ್ನು ಸದಾ ಉಜ್ಜುತ್ತಿರುತ್ತದೆ. ಕ್ರಮೇಣ ಅಲ್ಲಿ ಬಿಳಿ ಕಲೆ ಮೂಡಿ ದೃಷ್ಟಿ ನಶಿಸುತ್ತದೆ. ಮಕ್ಕಳ ಆರೈಕೆ ಮಾಡುವ ಹೆಂಗಸರಿಗೆ ಈ ತೊಂದರೆ ಹೆಚ್ಚು.

ಹರಡುವ ಬಗೆ

ರೋಗಿಯ ಗೀಜು, ಸಿಂಬಳದಲ್ಲಿ ರೋಗಾಣುಗಳಿರುತ್ತವೆ. ಕೈಬೆರಳು, ಎಲ್ಲರೂ ಬಳಸುವ ಟವೆಲು, ಸೀರೆಯ ಸೆರಗು, ನೊಣ ಇವುಗಳ ಮೂಲಕ ಅವು ಮತ್ತೊಬ್ಬರ ಕಣ್ಣು ಸೇರುತ್ತವೆ. ಕಣ್ಣಿಗೆ ಮುತ್ತುವ ಒಂದು ಜಾತಿಯ ನೊಣ ಮುಖ್ಯವಾಗಿ ಬಯಲಿನಲ್ಲಿ ಬಿದ್ದ ಮನುಷ್ಯರ ಮಲದಲ್ಲಿ ಮೊಟ್ಟೆಯಿಡುತ್ತದೆ. ಆದುದರಿಂದ ಶೌಚಾಲಯದ ಬಳಕೆ ಕಣ್ಣಿಗೂ ರಕ್ಷಣೆ.

ಹತೋಟಿ ಕ್ರಮಗಳು

1. ಮಕ್ಕಳ ಮುಖವನ್ನು ದಿನವೂ ಗೀಜು, ಸಿಂಬಳ ಉಳಿಯದಂತೆ ತೊಳೆಯಿರಿ. ನೀರಿಗೆ ಬರವಿದ್ದರೂ ಇದನ್ನು ಬಿಡಬೇಡಿ. ಒಂದು ಚೊಂಬು ನೀರಿನಲ್ಲಿ ಹಲವು ಮಕ್ಕಳ ಮುಖ ತೊಳೆಯಬಹುದು.

2. ಪ್ರತಿಯೊಬ್ಬರಿಗೂ ಬೇರೆ ಟವೆಲು ಇರಲಿ. ಒಂದೇ ಬೆರಳಿನಿಂದ ಎಲ್ಲ ಮಕ್ಕಳಿಗೂ ಕಾಡಿಗೆ ಹಚ್ಚಬೇಡಿ.

3. ಶೌಚಾಲಯವನ್ನು ಮನೆಯವರೆಲ್ಲರೂ ಬಳಸಬೇಕು. ತಿಪ್ಪೆಯನ್ನು ಮನೆಯಿಂದ ದೂರವಿಟ್ಟು, ಮೇಲೆ ಮಣ್ಣು ಮುಚ್ಚಿದರೆ ಮನೆನೊಣಗಳೂ ಕಡಿಮೆಯಾಗುತ್ತವೆ.

4. ಕಣ್ಣಿಗೆ ಎಲೆಯ ರಸ, ಎಣ್ಣೆ ಹಾಕದೆ ವೈದ್ಯರಿಗೆ ತೋರಿಸಿ. ಅಜಿತ್ರೋಮೈಸಿನ್ ಔಷಧಿ ಅಥವಾ ಟೆಟ್ರಾಸೈಕ್ಲಿನ್ ಮುಲಾಮಿನಿಂದ ಸೋಂಕು ಗುಣವಾಗುತ್ತದೆ. ಮುಲಾಮನ್ನು ದಿನಕ್ಕೆ ಎರಡು ಸಲದಂತೆ 6 ವಾರ ಹಚ್ಚಬೇಕು. ಕೆಂಪು ಇಳಿಯಿತೆಂದು ನಡುವೆ ನಿಲ್ಲಿಸಬಾರದು.

5. ಒಳತಿರುಗಿದ ರೆಪ್ಪೆಗೂದಲನ್ನು ಕಿತ್ತರೆ ಅದು ಮತ್ತೆ ಬೆಳೆಯುತ್ತದೆ. ರೆಪ್ಪೆಯ ಸಣ್ಣ ಶಸ್ತ್ರಚಿಕಿತ್ಸೆಯಿಂದ ಉಜ್ಜುವಿಕೆ ನಿಲ್ಲುತ್ತದೆ. ಆದರೆ ಆಗಲೇ ಹೋದ ದೃಷ್ಟಿ ಸಾಮಾನ್ಯವಾಗಿ ಮರಳಿ ಬಾರದು. ಆದ್ದರಿಂದ ತಡ ಮಾಡಬಾರದು.

ದೇಶ ಸಾಧಿಸಿದ್ದು

ಹಿಂದೆ ಪಂಜಾಬ್, ರಾಜಸ್ಥಾನ, ಗುಜರಾತ್ ಮೊದಲಾದ ಕಡೆ ಟ್ರಕೋಮಾ ವ್ಯಾಪಕವಾಗಿತ್ತು, ದಕ್ಷಿಣದಲ್ಲಿ ಅಷ್ಟಿರಲಿಲ್ಲ. 1963ರಲ್ಲಿ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. 2024ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು, ಭಾರತದಲ್ಲಿ ಟ್ರಕೋಮಾ ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಉಳಿದಿಲ್ಲವೆಂದು ದೃಢಪಡಿಸಿತು. ಹಾಗೆಂದು ರೋಗಾಣು ಪೂರ್ತಿ ಅಳಿಯಿತೆಂದು ಅರ್ಥವಲ್ಲ. ಬಾಲ್ಯದಲ್ಲಿ ಸೋಂಕು ತಗುಲಿದ ಹಿರಿಯರಲ್ಲಿ ರೆಪ್ಪೆಯ ತೊಂದರೆ ಈಗಲೂ ಕಾಣಿಸಿಕೊಳ್ಳಬಹುದು. ಮನೆಯ ಹಿರಿಯರು ಕಣ್ಣಿನಲ್ಲಿ ಏನೋ ಚುಚ್ಚುತ್ತದೆ ಎಂದರೆ ಅವರನ್ನು ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ಮಕ್ಕಳ ಮುಖ ಮತ್ತು ಮನೆಯ ಅಂಗಳ ಶುಚಿಯಾಗಿದ್ದರೆ ಈ ರೋಗಕ್ಕೆ ಮತ್ತೆ ತಲೆಯೆತ್ತಲು ಎಡೆಯಿಲ್ಲ.