‘ಫೇಮಸ್’ ಪದದ ನಿಷ್ಪತ್ತಿ ಮತ್ತು ಕನ್ನಡದ ಸಂವಾದಿ ರೂಪಗಳು

ಇಂಗ್ಲಿಷಿನ ‘ಫೇಮಸ್’ ಎಂಬ ವಿಶೇಷಣಕ್ಕೆ ಕನ್ನಡದಲ್ಲಿ ‘ಪ್ರಸಿದ್ಧ’ ಎಂಬ ಅರ್ಥವನ್ನು ಕೊಡುವುದು ರೂಢಿ. ಅನುವಾದದ ದೃಷ್ಟಿಯಿಂದ ಇದು ಸಮರ್ಪಕವೇ. ಆದರೆ ಎರಡು ಪದಗಳ ಹುಟ್ಟು ಬೇರೆ ಬೇರೆ. ‘ಫೇಮಸ್’ 14ನೆಯ ಶತಮಾನದಲ್ಲಿ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದ ಲ್ಯಾಟಿನ್ ಪದ. ಅದರ ಮೂಲವಾದ ‘ಫಾಮ’ ಎಂಬುದು ‘ಮಾತನಾಡು’ ಎಂಬರ್ಥದ ‘ಫಾರಿ’ ಧಾತುವಿನಿಂದ ನಿಷ್ಪನ್ನವಾಗಿದೆ. ಮಾತು ಬಾರದ ಕೂಸು ಎಂಬರ್ಥದ ‘ಇನ್ಫೆಂಟ್’, ಕಥೆಯೆಂಬರ್ಥದ ‘ಫೇಬಲ್’ ಇದೇ ಧಾತುವಿನ ಸಂತಾನ. ‘ಫಾಮ’ ಎಂದರೆ ಜನರ ಬಾಯಲ್ಲಿ ಸುಳಿದಾಡುವ ಮಾತು. ಅದು ಕೀರ್ತಿಯೂ ಆಗಬಹುದು, ಗಾಳಿಸುದ್ದಿಯೂ ಆಗಬಹುದು. ವರ್ಜಿಲ್ ಕವಿ ‘ಈನಿಯಡ್’ ಕಾವ್ಯದ ನಾಲ್ಕನೆಯ ಭಾಗದಲ್ಲಿ ಫಾಮಳನ್ನು ಅನೇಕ ಕಣ್ಣು, ಕಿವಿ, ನಾಲಗೆಗಳುಳ್ಳ ಭೀಕರ ವ್ಯಕ್ತಿಯಾಗಿ ಚಿತ್ರಿಸಿರುವುದು ಈ ಕಾರಣದಿಂದಲೇ. ಲ್ಯಾಟಿನ್ನಿನ ‘ಫಾಮೋಸುಸ್’ ರೂಪಕ್ಕಂತೂ ಅಪಕೀರ್ತಿಯ ಛಾಯೆಯೇ ದಟ್ಟವಾಗಿತ್ತು. ರೋಮನ್ ಕಾನೂನಿನಲ್ಲಿ ಮಾನಹಾನಿಕರ ಬರಹವನ್ನು ಸೂಚಿಸುವ ಪದಪುಂಜದಲ್ಲಿ ಬರುವುದು ಇದೇ ವಿಶೇಷಣ.

ಕನ್ನಡದಲ್ಲಿ ಬಳಕೆಯಲ್ಲಿರುವ ‘ಪ್ರಸಿದ್ಧ’ದೊಳಗೆ ‘ಸಿದ್ಧ’ವಿದೆ. ಸಾಧಿತವಾದದ್ದು, ನೆಲೆಗೊಂಡದ್ದು ಎಂಬ ಭಾವ ಅದರ ತಳದಲ್ಲಿದೆ. ‘ಫೇಮಸ್’ ಪದದ ಮೂಲಕ್ಕೆ ನಿಜವಾಗಿ ಸಮೀಪವಾದುದು ‘ಖ್ಯಾತ’. ‘ಖ್ಯಾ’ ಧಾತುವಿಗೆ ಹೇಳು, ಪ್ರಕಟಿಸು ಎಂಬ ಅರ್ಥವಿದೆ. ‘ವಿಶ್ರುತ’ದಲ್ಲಿ ಹೇಳುವವನ ಬದಲು ಕೇಳುವವನಿದ್ದಾನೆ. ಅಚ್ಚಗನ್ನಡವಾದರೋ ‘ಹೆಸರು’ ಎಂಬ ಒಂದೇ ಪದದಲ್ಲಿ ನಾಮವನ್ನೂ ಕೀರ್ತಿಯನ್ನೂ ಅಡಕಗೊಳಿಸಿದೆ: ಹೆಸರಿಡು, ಹೆಸರು ಮಾಡು, ಹೆಸರು ಕೆಡಿಸು. ಇದಕ್ಕೆ ಹೋಲಿಕೆ ಬೇಕಾದರೆ ಫ್ರೆಂಚ್ ಮೂಲದ ‘ರಿನೌನ್’ ಅನ್ನು ನೋಡಬೇಕು. ಮತ್ತೆ ಮತ್ತೆ ಹೆಸರಿಸುವುದೇ ಅದರ ಮೂಲಾರ್ಥ.

ಅನುವಾದಕರು ಎಡವುವ ಸ್ಥಳ ‘ಇನ್ಫಮಸ್’. ಪೂರ್ವಪ್ರತ್ಯಯವನ್ನು ಕೇವಲ ನಿಷೇಧಾರ್ಥಕವೆಂದು ಬಗೆದು ‘ಅಪ್ರಸಿದ್ಧ’ ಎಂದು ಬರೆದರೆ ಅರ್ಥವೇ ತಲೆಕೆಳಗಾಗುತ್ತದೆ. ಇನ್ಫಮಸ್ ಆದವನನ್ನು ಎಲ್ಲರೂ ಬಲ್ಲರು, ಕೆಟ್ಟದ್ದಕ್ಕಾಗಿ ಬಲ್ಲರು. ‘ಕುಖ್ಯಾತ’ವೇ ಇಲ್ಲಿ ಸರಿಯಾದ ರೂಪ. ‘ನಟೋರಿಯಸ್’ ಮೊದಲಿಗೆ ‘ಎಲ್ಲರಿಗೂ ತಿಳಿದ’ ಎಂಬಷ್ಟೇ ಅರ್ಥದ್ದಾಗಿದ್ದು, ನಿಂದಾಸೂಚಕ ನಾಮಪದಗಳ ಸಹವಾಸದಿಂದ ಕೆಟ್ಟಿತು. ಆದ್ದರಿಂದ ಹಳೆಯ ಇಂಗ್ಲಿಷ್ ಗ್ರಂಥಗಳನ್ನು ಅನುವಾದಿಸುವಾಗ ಅದಕ್ಕೆ ‘ಕುಖ್ಯಾತ’ ಎಂದು ಕಣ್ಣುಮುಚ್ಚಿ ಬರೆಯುವಂತಿಲ್ಲ.

ಇಂದಿನ ಆಡುಗನ್ನಡ ‘ಫೇಮಸ್’ ಅನ್ನು ಸ್ವೀಕರಿಸಿರುವ ಬಗೆಯೂ ಕುತೂಹಲಕರವಾದುದು. ‘ದಾವಣಗೆರೆ ಬೆಣ್ಣೆದೋಸೆಗೆ ಫೇಮಸ್ಸು’ ಎಂಬಲ್ಲಿ ಪದ ಇಂಗ್ಲಿಷಿನದು, ಚತುರ್ಥೀ ವಿಭಕ್ತಿಯ ವಾಕ್ಯರಚನೆ ಮಾತ್ರ ‘ಹೆಸರುವಾಸಿ’ಯದು. ‘ಸುಳ್ಳು ಹೇಳುವುದಕ್ಕೆ ಅವನು ಫೇಮಸ್ಸು’ ಎಂಬ ಕುಹಕದ ಮಾತಿನಲ್ಲಿಯೂ ಅದು ಸಲೀಸಾಗಿ ನಿಲ್ಲುತ್ತದೆ. ನಿಘಂಟಿನ ‘ಪ್ರಸಿದ್ಧ’ಕ್ಕಿಂತ ಈ ಆಡುಮಾತೇ ಲ್ಯಾಟಿನ್ ‘ಫಾಮ’ಕ್ಕೆ ಹೆಚ್ಚು ಹತ್ತಿರವಾಗಿದೆ.