ದಿರ್ಹಮ್‌ಗೂ ಮೊದಲು ಅಲ್ಲಿ ರೂಪಾಯಿ

ಪ್ರಶ್ನೆ: ದುಬೈಯಲ್ಲಿ ಹಿಂದೆ ನಮ್ಮ ರೂಪಾಯಿಯೇ ನಡೆಯುತ್ತಿತ್ತಂತೆ, ನಿಜವೇ? ಈಗೇಕೆ ದಿರ್ಹಮ್ ಇಷ್ಟು ದುಬಾರಿ?
– ಓದುಗರು, ಸಿದ್ಧಕಟ್ಟೆ

ಉತ್ತರ: ನಿಜ. ರೂಪಾಯಿ ಕೊಟ್ಟು ಚಿನ್ನ ತರುವ ಕಳ್ಳಸಾಗಣೆ ಹೆಚ್ಚಿದಾಗ, 1959ರಲ್ಲಿ ರಿಸರ್ವ್ ಬ್ಯಾಂಕು ಕೊಲ್ಲಿಗೆಂದೇ ಪ್ರತ್ಯೇಕ ನೋಟು ಹೊರಡಿಸಿತು. ಬೆಲೆ ಮಾತ್ರ ಇಲ್ಲಿನದಕ್ಕೆ ಸಮ. 1966ರ ಜೂನ್ 6ರಂದು ಡಾಲರಿಗೆ 4.76 ಇದ್ದ ರೂಪಾಯಿ 7.50ಕ್ಕೆ ಇಳಿದದ್ದೇ ತಡ, ದುಬೈ ಅದನ್ನು ಕೈಬಿಟ್ಟಿತು. ಯಾರದೋ ಅಪಮೌಲ್ಯದ ಪೆಟ್ಟು ತಾವೇಕೆ ತಿನ್ನಬೇಕು? ಒಮಾನ್ ಮಾತ್ರ 1970ರವರೆಗೆ ಬಳಸಿತು.

ದಿರ್ಹಮ್ ಬಂದದ್ದು 1973ರಲ್ಲಿ. 1997ರಿಂದ ಅದನ್ನು ಡಾಲರಿಗೆ 3.6725ರಂತೆ ಕಟ್ಟಿಹಾಕಿದ್ದಾರೆ. ಹಾಗಾಗಿ ಡಾಲರಿನೆದುರು ರೂಪಾಯಿ ಇಳಿದಷ್ಟೂ ದಿರ್ಹಮ್ ಏರಿದಂತೆ ಕಾಣುತ್ತದೆ. ಡಾಲರ್ ದರವನ್ನು 3.6725ರಿಂದ ಭಾಗಿಸಿ ನೋಡಿ, ಅಂದಿನ ದಿರ್ಹಮ್ ದರ ಸಿಗುತ್ತದೆ. ದುಬೈಯಿಂದ ಯಾರಾದರೂ ಕಳುಹಿಸಿದ ಹಣಕ್ಕೆ ಅದಕ್ಕಿಂತ ಕಡಿಮೆ ಸಿಕ್ಕಿದ್ದರೆ, ವ್ಯತ್ಯಾಸ ಎಕ್ಸ್‌ಚೇಂಜ್‌ನವರ ಪಾಲು.